ಆನಾ ಸೆವೆಲ್ ನಿಜಕ್ಕೂ ಮಕ್ಕಳ ಲೇಖಕಿಯಾ? 'ಬ್ಲ್ಯಾಕ್ ಬ್ಯೂಟಿ' ಬರೆದವರ ಬದುಕಿನ ಬಗ್ಗೆ ಒಂದು ಚರ್ಚೆ

ಹಳೆಪುಸ್ತಕ

ವಿಕ್ಟೋರಿಯಾ ರಾಣಿಯ ಕಾಲದ ಮಕ್ಕಳ ಲೇಖಕರು ಅಂತ ಯಾರೇ ಪಟ್ಟಿ ಮಾಡಲಿ, ಅದರಲ್ಲಿ ಆನಾ ಸೆವೆಲ್ ಇರುತ್ತಾರೆ. ಬರೆದದ್ದು ಒಂದೇ ಪುಸ್ತಕ. ಕುದುರೆಯೊಂದು ತನ್ನ ಕಥೆಯನ್ನು ತಾನೇ ಹೇಳುವ 'ಬ್ಲ್ಯಾಕ್ ಬ್ಯೂಟಿ'. ನಮ್ಮಲ್ಲಿ ಬಹಳ ಜನ ಅದನ್ನು ಓದಿರುವುದು ಚಿತ್ರ ಹಾಕಿ, ಅರ್ಧಕ್ಕೂ ಕಡಿಮೆ ಮಾಡಿದ ಇಂಗ್ಲಿಷ್ ಪ್ರತಿಯಲ್ಲಿ. ಹಾಗಾಗಿ ಮಕ್ಕಳ ಕಥೆ ಅಂತಲೇ ತಲೆಯಲ್ಲಿ ಕೂತಿದೆ. ನನ್ನ ವಾದ ಬೇರೆ. ಅವರು ಬರೆದದ್ದು ಮಕ್ಕಳಿಗಲ್ಲ. ಲಾಯದಲ್ಲಿ ಕೆಲಸ ಮಾಡುವವರಿಗೆ, ಗಾಡಿ ಹೊಡೆಯುವವರಿಗೆ, ಆ ಗಾಡಿಯಲ್ಲಿ ಕಾಲು ಚಾಚಿ ಕೂರುವ ದೊಡ್ಡವರಿಗೆ.

ಮೊದಲು ಬದುಕು ಹೇಳಿಬಿಡುತ್ತೇನೆ. ಆಮೇಲೆ ಜಗಳ ಆಡೋಣ.

ಹುಟ್ಟಿದ್ದು 1820ರ ಮಾರ್ಚ್ 30ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್‌ನಲ್ಲಿ. ಕ್ವೇಕರ್ ಮನೆತನ. ಪಾದ್ರಿ ಇಲ್ಲ, ಆಡಂಬರ ಇಲ್ಲ, ಎಲ್ಲರೂ ಸುಮ್ಮನೆ ಕೂತು ಪ್ರಾರ್ಥನೆ ಮಾಡುವ ಕ್ರೈಸ್ತ ಪಂಥ ಅದು. ತಂದೆ ಐಸಾಕ್, ತಾಯಿ ಮೇರಿ, ಎರಡು ವರ್ಷಕ್ಕೆ ಚಿಕ್ಕವನಾದ ತಮ್ಮ ಫಿಲಿಪ್. ತಂದೆಗೆ ವ್ಯಾಪಾರ ಕೈ ಹಿಡಿಯಲಿಲ್ಲ. ಲಂಡನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟರು, ಅದು ಮುಳುಗಿತು. ಮಕ್ಕಳಿಗೆ ಮನೆಯಲ್ಲೇ ತಾಯಿಯ ಪಾಠ. ಪುಸ್ತಕ ಕೊಳ್ಳಲು ದುಡ್ಡಿಲ್ಲ ಅಂತ ಮೇರಿ ತಾವೇ ಒಂದು ಸಣ್ಣ ಮಕ್ಕಳ ಪುಸ್ತಕ ಬರೆದರು. ಅದರಿಂದ ಬಂದ ಮೂರು ಪೌಂಡಿನಲ್ಲಿ ಮನೆಗೆ ಪುಸ್ತಕ ಬಂತು.

ಆನಾ ಶಾಲೆಯ ಮೆಟ್ಟಿಲು ಹತ್ತಿದ್ದು ಹನ್ನೆರಡರ ಹೊತ್ತಿಗೆ, ಕುಟುಂಬ ಸ್ಟೋಕ್ ನ್ಯೂಯಿಂಗ್ಟನ್‌ಗೆ ಬಂದ ಮೇಲೆ. ಹದಿನಾಲ್ಕನೇ ವಯಸ್ಸಿನಲ್ಲಿ, ಮಳೆ ಬರುತ್ತಿದ್ದಾಗ ಶಾಲೆಯಿಂದ ಮನೆಗೆ ಬರುತ್ತಾ ಜಾರಿ ಬಿದ್ದರು. ಎರಡೂ ಕಾಲಿನ ಹರಡಿಗೆ ಜೋರಾದ ಪೆಟ್ಟು. ಅದು ಸರಿಹೋಗಲೇ ಇಲ್ಲ. ಅಲ್ಲಿಂದ ಮುಂದೆ ಊರುಗೋಲಿಲ್ಲದೆ ನಿಲ್ಲುವುದು ಕಷ್ಟ, ದೂರ ನಡೆಯುವುದಂತೂ ಇಲ್ಲವೇ ಇಲ್ಲ.

1836ರಲ್ಲಿ ತಂದೆಗೆ ಬ್ರೈಟನ್‌ನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಸಮುದ್ರದ ಗಾಳಿಗೆ ಮಗಳ ಕಾಲು ಸುಧಾರಿಸೀತು ಅನ್ನುವ ಆಸೆಯೂ ಇತ್ತು. ಯುರೋಪಿನ ಖನಿಜ ನೀರಿನ ಚಿಕಿತ್ಸೆಗೂ ಹೋಗಿ ಬಂದರು. ಸ್ವಲ್ಪ ದಿನ ಹಗುರ, ಮತ್ತೆ ಮೊದಲಿನಂತೆ. ಹೊರಗೆ ಹೋಗಬೇಕೆಂದರೆ ಒಂದೇ ದಾರಿ, ಕುದುರೆ ಗಾಡಿ. ಬ್ರೈಟನ್ ಹತ್ತಿರದ ಲ್ಯಾನ್ಸಿಂಗ್‌ನಲ್ಲಿದ್ದಾಗ ತಂದೆಯನ್ನು ರೈಲು ನಿಲ್ದಾಣಕ್ಕೆ ಬಿಡುವುದು, ಕರೆತರುವುದು ಆನಾ ಕೆಲಸವೇ ಆಗಿತ್ತು. ತಾಯಿಯ ಗೆಳತಿ ಮಿಸೆಸ್ ಬೇಲಿ ಒಮ್ಮೆ ಅವರ ಗಾಡಿಯಲ್ಲಿ ಕೂತು ಹೋಗಿದ್ದನ್ನು ಬರೆದಿದ್ದಾರೆ. ಲಗಾಮು ಸುಮ್ನೆ ಕೈಯಲ್ಲಿತ್ತಂತೆ. ಕುದುರೆಗೆ ಹೇಳಬೇಕಾದ್ದನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದರಂತೆ.

ಈಗ ಹೇಳಿ. ಅರ್ಧ ಆಯಸ್ಸು ಸೋಫಾ ಮೇಲೆ ಕಳೆದು, ಐವತ್ತು ದಾಟಿದ ಮೇಲೆ ಬರೆಯಲು ಕೂತ ಹೆಂಗಸು ಮಕ್ಕಳನ್ನು ನಗಿಸಲು ಕೂತರಾ?

ಸುಮ್ನೆಓದು

ಯಾರಿಗೆ ಬರೆದರು ಅನ್ನುವುದಕ್ಕಿಂತ ಯಾರು ಉಳಿಸಿಕೊಂಡರು ಅನ್ನುವುದು ಮುಖ್ಯ ಅಲ್ವಾ? ಜಿಂಜರ್ ಅನ್ನುವ ಕೆಂಪು ಕುದುರೆ ಸತ್ತ ಪುಟ ಓದಿ ನಾನು ಊಟ ಬಿಟ್ಟಿದ್ದೆ. ಗಾಡಿ ಹೊಡೆಯುವವರು ಈಗ ಯಾರಿದ್ದಾರೆ? ಮಕ್ಕಳು ಇನ್ನೂ ಓದುತ್ತಿದ್ದಾರೆ. ಮಕ್ಕಳ ಪುಸ್ತಕವೇ ಸರಿ.

ಹಳೆಪುಸ್ತಕ

ಉಳಿಸಿಕೊಂಡದ್ದು ಮಕ್ಕಳೇ, ಒಪ್ಪಿದೆ. ಆದರೆ ಅವರು ಏನು ಮಾಡಲು ಹೊರಟಿದ್ದರು ಅಂತ ಅವರೇ ಬರೆದಿಟ್ಟಿದ್ದಾರೆ. ಆರು ವರ್ಷದಿಂದ ಮನೆ ಮತ್ತು ಸೋಫಾ ಬಿಟ್ಟು ಅಲ್ಲಾಡಲು ಆಗಿಲ್ಲ, ಶಕ್ತಿ ಇದ್ದಾಗಷ್ಟೇ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ, ಕುದುರೆಗಳನ್ನು ದಯೆಯಿಂದ, ಅವುಗಳ ಕಷ್ಟ ತಿಳಿದು ನೋಡಿಕೊಳ್ಳುವಂತೆ ಮಾಡುವುದೇ ಅದರ ಉದ್ದೇಶ. ಇದು ಅವರ ಮಾತಿನ ಸಾರ.

ಅದೇ ಟಿಪ್ಪಣಿಯಲ್ಲಿ ಇನ್ನೊಂದು ಸಂಗತಿ ಇದೆ. ನನಗೆ ಇಡೀ ಬದುಕಿನಲ್ಲಿ ಅತಿ ಮುಖ್ಯ ಅನಿಸಿದ್ದು ಅದೇ. ಬಾಡಿಗೆ ಗಾಡಿಯ ಕುದುರೆಗಳ ಬಗ್ಗೆ ಯೋಚಿಸುತ್ತಾ ಹೋದಂತೆ, ಗಾಡಿ ಓಡಿಸುವವರ ಬಗ್ಗೆಯೂ ಯೋಚಿಸಬೇಕಾಯಿತು ಅನ್ನುತ್ತಾರೆ. ಒಂದು ದಿನ ಅವರ ಮನೆ ಬಾಗಿಲಲ್ಲಿ ಬಾಡಿಗೆ ಗಾಡಿ ನಿಂತಿತ್ತು. ಕಿಟಕಿ ತೆರೆದಿತ್ತು. ಒಳಗೆ ಮಲಗಿದ್ದ ಆನಾ, ಹೊರಗೆ ಕಾಯುತ್ತಿದ್ದ ಗಾಡಿಯವನ ಜೊತೆ ಮಾತಿಗೆ ಇಳಿದರು. ಅವನು ಭಾನುವಾರದ ವಿಷಯ ತೆಗೆದ. ತಾನು ಭಾನುವಾರ ಗಾಡಿ ಕಟ್ಟುವುದಿಲ್ಲ, ಆದರೆ ದೇವರ ಭಕ್ತರೇ ಅವತ್ತು ಗಾಡಿ ಹಿಡಿದು ಗಾಡಿಯವರ ರಜಾ ಕಸಿಯುತ್ತಾರೆ ಅಂತ ಹೇಳಿದ. ಅದು ಮನಸ್ಸಿಗೆ ನಾಟಿತು.

ಪುಸ್ತಕದ ಮೂರನೇ ಭಾಗ ಪೂರ್ತಿ ಲಂಡನ್ ಗಾಡಿಯವರದ್ದು. ಜೆರ್ರಿ ಬಾರ್ಕರ್ ಅನ್ನುವ ಗಾಡಿಯವನು ಆರು ದಿನದ ಲೈಸೆನ್ಸ್ ಇಟ್ಟುಕೊಂಡು, ಒಳ್ಳೆ ಗಿರಾಕಿ ಕೈ ತಪ್ಪಿದರೂ ಭಾನುವಾರ ಗಾಡಿ ಕಟ್ಟುವುದಿಲ್ಲ ಅನ್ನುತ್ತಾನೆ. ಆ ಜೆರ್ರಿ ಹುಟ್ಟಿದ್ದು ಈ ಕಿಟಕಿಯ ಹತ್ತಿರ ಅಂತ ನಾನು ನಂಬುತ್ತೇನೆ.

ಲಾಯದಪಕ್ಕ

ಪಶುವೈದ್ಯೆಯಾಗಿ ಒಂದು ಮಾತು. ಈ ಪುಸ್ತಕದಲ್ಲಿ ಕುದುರೆ ಮಾತಾಡುತ್ತದೆ ಅನ್ನುವುದೊಂದು ಬಿಟ್ಟರೆ ಕಲ್ಪನೆ ಬಹಳ ಕಡಿಮೆ. ಮಿಕ್ಕಿದ್ದೆಲ್ಲ ಕಣ್ಣಾರೆ ಕಂಡು ಬರೆದಂತಿದೆ.

ಇಡೀ ಪುಸ್ತಕದಲ್ಲಿ ಅವರ ಸಿಟ್ಟು ಹೆಚ್ಚಾಗಿ ಒಂದೇ ವಸ್ತುವಿನ ಮೇಲೆ. ಬೇರಿಂಗ್ ರೇನ್ ಅಂತ. ಲಗಾಮು ಓಡಿಸುವವನ ಕೈಗೆ ಬರುತ್ತದೆ. ಇದು ಹಾಗಲ್ಲ. ಬಾಯಿಯ ಕಡಿವಾಣದಿಂದ ಹೊರಟ ಪಟ್ಟಿ, ಕೆನ್ನೆಯ ಪಕ್ಕದಲ್ಲಿ ಮೇಲಕ್ಕೆ ಹೋಗಿ ಬೆನ್ನ ಮೇಲಿನ ಸಜ್ಜಿಗೆ ಸಿಕ್ಕಿಸಿರುತ್ತದೆ. ಬಿಗಿ ಮಾಡಿದರೆ ಕುದುರೆ ತಲೆ ಇಳಿಸುವ ಹಾಗೇ ಇಲ್ಲ. ಯಾಕೆ ಅಂದರೆ ತಲೆ ಎತ್ತಿ ನಿಂತ ಜೋಡಿ ಕುದುರೆ ನೋಡಲು ಚೆಂದ. ಅಷ್ಟೇ ಕಾರಣ. ಶುದ್ಧ ಷೋಕಿ.

ಕುದುರೆಗೆ ಆಗುವುದೇನು? ಕುದುರೆ ನಮ್ಮ ಹಾಗೆ ಬಾಯಿಂದ ಉಸಿರಾಡಲಾರದು, ಮೂಗಿನಿಂದ ಮಾತ್ರ. ಕುತ್ತಿಗೆ ಮಡಿಸಿ ಮೇಲೆ ಕಟ್ಟಿದರೆ ಗಾಳಿ ಹೋಗುವ ದಾರಿ ಕಿರಿದಾಗುತ್ತದೆ. ಇನ್ನು ದಿಬ್ಬ ಹತ್ತುವಾಗ ಭಾರ ಎಳೆಯಲು ಅದು ತಲೆ ಮತ್ತು ಕತ್ತನ್ನು ಮುಂದಕ್ಕೆ ಚಾಚಿ, ತನ್ನ ಮೈಭಾರವನ್ನೆಲ್ಲ ಮುಂದೆ ಹಾಕಬೇಕು. ಅದಕ್ಕೂ ಬಿಡುವುದಿಲ್ಲ. ಎಳೆಯುವ ಕೆಲಸವೆಲ್ಲ ಬೆನ್ನು ಮತ್ತು ಹಿಂಗಾಲಿನ ಮೇಲೆ ಬೀಳುತ್ತದೆ. ಬಾಯಿಯ ಮೂಲೆ ಹರಿಯುತ್ತದೆ.

46ನೇ ಅಧ್ಯಾಯದಲ್ಲಿ ಒಂದು ದೃಶ್ಯ ಇದೆ. ಕಥೆ ಹೇಳುವ ಕುದುರೆ ಬ್ಯೂಟಿ ಭಾರದ ಗಾಡಿಯನ್ನು ಏರಿಗೆ ಎಳೆಯಲಾರದೆ ಒದ್ದಾಡುತ್ತಿರುತ್ತದೆ. ದಾರಿಯಲ್ಲಿ ಹೋಗುವ ಹೆಂಗಸೊಬ್ಬರು ಬಂದು, ಆ ಪಟ್ಟಿ ಬಿಚ್ಚಿ ನೋಡಪ್ಪಾ ಅಂತ ಗಾಡಿಯವನಿಗೆ ವಿನಯದಿಂದ ಹೇಳುತ್ತಾರೆ. ಬಿಚ್ಚುತ್ತಾನೆ. ಕುದುರೆ ತಲೆ ಇಳಿಸಿ, ಕತ್ತು ಕೊಡವಿ, ಏರು ಹತ್ತಿಬಿಡುತ್ತದೆ. ಕಾಲೇಜಿನಲ್ಲಿ ನಾವು ಕಲಿತದ್ದನ್ನು ಇದಕ್ಕಿಂತ ಸರಳವಾಗಿ ಯಾರೂ ಹೇಳಿಕೊಡಲಿಲ್ಲ.

ಇನ್ನೂ ಇದೆ. ಚೆಂದಕ್ಕೆ ಬಾಲದ ಮೂಳೆ ಸಮೇತ ಕತ್ತರಿಸುವುದು, ಆಮೇಲೆ ನೊಣ ಓಡಿಸಲೂ ಆಗದೆ ಪ್ರಾಣಿ ಪರದಾಡುವುದು. ಅಕ್ಕಪಕ್ಕ ಕಾಣದ ಹಾಗೆ ಕಣ್ಣಿಗೆ ಪಟ್ಟಿ ಕಟ್ಟುವುದು. ಲಾಳಕ್ಕೆ ಕಲ್ಲು ಸಿಕ್ಕಿದ್ದನ್ನು ನೋಡದೆ ಓಡಿಸುವುದು. ಬೆವತು ಬಂದ ಕುದುರೆಗೆ ಕಂಬಳಿ ಹೊದಿಸದೆ, ಬಕೆಟ್ಟು ತುಂಬಾ ತಣ್ಣೀರು ಕೊಟ್ಟು ಸಾಯುವ ಸ್ಥಿತಿಗೆ ತರುವುದು. ಇದನ್ನು ಮಾಡುವ ಹುಡುಗ ಜೋ ಗ್ರೀನ್ ಕೆಟ್ಟವನಲ್ಲ, ಅವನಿಗೆ ಗೊತ್ತಿರಲಿಲ್ಲ ಅಷ್ಟೇ. ಗೊತ್ತಿಲ್ಲದಿರುವುದೂ ಕ್ರೌರ್ಯದ ಪಕ್ಕದ ಮನೆಯೇ ಅಂತ ಹಿರಿಯ ಗಾಡಿಯವನ ಬಾಯಲ್ಲಿ ಆನಾ ಹೇಳಿಸುತ್ತಾರೆ. ನನ್ನ ಕೆಲಸದಲ್ಲಿ ನಾನು ದಿನಾ ನೋಡುವುದು ಅದನ್ನೇ.

ತರ್ಲೆಪ್ರಶ್ನೆ

ಮೇಡಂ, ವಿವರಕ್ಕೆ ಥ್ಯಾಂಕ್ಸ್. ಆದರೆ ಎಲ್ಲ ಕಡೆ ಹೇಳುವ ಹಾಗೆ ಈ ಒಂದು ಪುಸ್ತಕ ಬಂದು ಬೇರಿಂಗ್ ರೇನ್ ನಿಂತುಹೋಯಿತು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ದನಕರು, ಕುದುರೆಗಳಿಗೆ ಹಿಂಸೆ ಕೊಡುವುದರ ವಿರುದ್ಧ ಬ್ರಿಟನ್‌ನಲ್ಲಿ 1822ರಲ್ಲೇ ಕಾನೂನು ಬಂದಿತ್ತು. ಪ್ರಾಣಿ ದಯಾ ಸಂಘ ಹುಟ್ಟಿದ್ದು 1824ರಲ್ಲಿ. ಎಡ್ವರ್ಡ್ ಫೋರ್ಡಮ್ ಫ್ಲವರ್ ಅನ್ನುವವರು ಇದೇ ಬೇರಿಂಗ್ ರೇನ್ ವಿರುದ್ಧ 1870ರ ದಶಕದಲ್ಲಿ ಕರಪತ್ರ ಬರೆದು, ಊರೆಲ್ಲಾ ಹೋರಾಡುತ್ತಿದ್ದರು. ಆನಾ ಖಾಲಿ ಹೊಲದಲ್ಲಿ ಬಿತ್ತಲಿಲ್ಲ. ಕೊನೆಗೆ ಕುದುರೆಗಳನ್ನು ಬೀದಿಯಿಂದ ಬಿಡಿಸಿದ್ದು ದಯೆಯಲ್ಲ, ಮೋಟಾರು.

ಲಾಯದಪಕ್ಕ

ಮೋಟಾರು ಬಂದದ್ದು ಆಮೇಲೆ ರೀ. ಮಧ್ಯೆ ಇಪ್ಪತ್ತು ಮೂವತ್ತು ವರ್ಷ ಲಕ್ಷಾಂತರ ಕುದುರೆ ಗಾಡಿ ಎಳೆದಿವೆ. ಫ್ಲವರ್ ಅವರ ಕರಪತ್ರ ಓದಿದ್ದು ಗಾಡಿ ಇಟ್ಟುಕೊಂಡ ಯಜಮಾನರು. ಈ ಪುಸ್ತಕ ಓದಿದ್ದು ಯಜಮಾನರ ಮಕ್ಕಳು, ಕೆಲಸದವರು, ಗಾಡಿಯವರ ಮಕ್ಕಳು. ಒಬ್ಬರಿಂದಲೇ ಆಯಿತು ಅಂತ ನಾನೂ ಹೇಳಲ್ಲ.

ಇಲ್ಲಿನ ಕಾನೂನು ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಬಹಳ ಜನಕ್ಕೆ ಗೊತ್ತಿಲ್ಲ. ಭಾರತದಲ್ಲಿ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆ 1965ರ ನಿಯಮಗಳಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವು ಕೊಡದೆ ಒಂದೇ ಸಮ ಐದು ಗಂಟೆ ದಾಟಬಾರದು. 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕಟ್ಟಲೇಬಾರದು. ಮುಳ್ಳಿನ ಕಡಿವಾಣ ನಿಷಿದ್ಧ. ಪಾಲನೆ ಎಷ್ಟಿದೆ ಅನ್ನುವುದು ಬೇರೆ ಜಗಳ.

ಬಾಡಿಗೆಮೀಟರ್

ಎಲ್ಲರೂ ಕುದುರೆ ಬಗ್ಗೆ ಮಾತಾಡುತ್ತಿದ್ದೀರಿ. ನಾನು 39ನೇ ಅಧ್ಯಾಯದ ಬಗ್ಗೆ ಹೇಳುತ್ತೇನೆ. ಸೀಡಿ ಸ್ಯಾಮ್ ಅಂತ ಒಬ್ಬ ಬಡಪಾಯಿ ಗಾಡಿಯವನು. ಅವನ ಕುದುರೆ ನೋಡಲಾರದಷ್ಟು ಸೊರಗಿದೆ, ಜೊತೆಯವರು ಬೈಯುತ್ತಾರೆ. ಅವನು ತಿರುಗಿ ಕೇಳುತ್ತಾನೆ. ಗಾಡಿ ನನ್ನದಲ್ಲ, ಕುದುರೆ ನನ್ನದಲ್ಲ. ಸೀಸನ್ನಿನಲ್ಲಿ ದಿನಕ್ಕೆ 18 ಶಿಲಿಂಗ್ ಮಾಲೀಕನಿಗೆ ಮೊದಲು ಎತ್ತಿಡಬೇಕು. ಅದು ದುಡಿದ ಮೇಲೆ ಸಿಕ್ಕಿದ್ದು ನನಗೆ. ಹದಿನಾಲ್ಕು ಹದಿನಾರು ಗಂಟೆ ಗಾಡಿಯ ಮೇಲೆ ಕೂತಿರುತ್ತೇನೆ. ಮನೆಯಲ್ಲಿ ಹೆಂಡತಿ ಮಕ್ಕಳು. ಕುದುರೆಗೆ ಒಂದು ಏಟು ಹಾಕದೆ ಏನು ಮಾಡಲಿ?

ನಾನು ಬೆಂಗಳೂರಿನಲ್ಲಿ ಬಾಡಿಗೆ ಆಟೋ ಓಡಿಸಿದವನು. ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಬೆಳಗ್ಗೆ ಗಾಡಿ ತೆಗೆಯುವಾಗಲೇ ತಲೆಯಲ್ಲಿ ಮಾಲೀಕರ ದಿನಬಾಡಿಗೆ ಓಡುತ್ತಿರುತ್ತದೆ. ಅದು ಹುಟ್ಟುವವರೆಗೆ ಓಡಿಸುವುದು ಅವರಿಗೆ, ಆಮೇಲೆ ಗ್ಯಾಸಿಗೆ, ಉಳಿದರೆ ನಮಗೆ. ಹತ್ತಿರದ ಬಾಡಿಗೆ ಒಲ್ಲೆ ಅಂದರೆ ಜನ ಸೊಕ್ಕು ಅಂತಾರೆ. ಸ್ಯಾಮ್‌ಗೂ ಅದನ್ನೇ ಅಂದರು.

ನೋಡಿ, ಜೆರ್ರಿ ಒಳ್ಳೆಯವನಾಗಿರಲು ಕಾರಣ ಅವನ ಗುಣ ಮಾತ್ರ ಅಲ್ಲ. ಗಾಡಿಯೂ ಕುದುರೆಯೂ ಅವನ ಸ್ವಂತದ್ದು. ಹಾಗಾಗಿ ಭಾನುವಾರ ಬೇಡ ಅನ್ನಲು ಆಗುತ್ತದೆ. ಸ್ಯಾಮ್‌ಗೆ ಆಗಲ್ಲ. ಸ್ವಲ್ಪ ದಿನಕ್ಕೆ ಸತ್ತೇ ಹೋಗುತ್ತಾನೆ. ಈ ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದು ಸೋಫಾದಿಂದ ಏಳಲಾರದ ಹೆಂಗಸು ಅಂದರೆ ನನಗೆ ಆಶ್ಚರ್ಯ. ಕ್ರೂರ ಗಾಡಿಯವನನ್ನು ಬೈದು ಸುಮ್ಮನಾಗುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ.

ಹಳೆಪುಸ್ತಕ

ಬಾಡಿಗೆಮೀಟರ್ ಅವರೇ, ಈ ಚರ್ಚೆ ಶುರು ಮಾಡಿದ್ದು ಸಾರ್ಥಕ. ಇದನ್ನು ಮಕ್ಕಳ ಆವೃತ್ತಿಗಳಲ್ಲಿ ಮೊದಲು ಕತ್ತರಿಸುತ್ತಾರೆ.

ಅರಳಿಮರ

ನಾನು ಸ್ವಲ್ಪ ವಿರುದ್ಧ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಪುಸ್ತಕದ ಉಪದೇಶ ನನಗೆ ಹೊಟ್ಟೆ ತುಂಬಿ ಮೇಲೆ ಬರುವಷ್ಟು ಆಗುತ್ತದೆ. ಪ್ರತಿ ಅಧ್ಯಾಯದ ಕೊನೆಗೆ ಯಾರಾದರೂ ಒಬ್ಬರು ಬಂದು ಒಳ್ಳೆ ಮಾತು ಹೇಳಿ ಹೋಗಬೇಕು. ಕುಡಿತ ಕೆಟ್ಟದ್ದು, ಭಾನುವಾರ ಚರ್ಚು, ಕೆಲಸದವನು ನಿಯತ್ತಾಗಿರಬೇಕು, ಒಳ್ಳೆ ಯಜಮಾನ ಸಿಕ್ಕಿದರೆ ಪುಣ್ಯ. ಯಜಮಾನಿಕೆಯೇ ತಪ್ಪು ಅನ್ನುವ ಮಾತು ಎಲ್ಲೂ ಇಲ್ಲ. ಕುದುರೆಯ ಆಸೆಯೂ ಬಿಡುಗಡೆ ಅಲ್ಲ, ಒಳ್ಳೆ ಲಾಯ. ಎದುರು ತಿರುಗಿದ ಜಿಂಜರ್ ಸಾಯುತ್ತದೆ, ತಗ್ಗಿ ನಡೆದ ಬ್ಯೂಟಿಗೆ ಕೊನೆಗೆ ನೆಮ್ಮದಿಯ ಮನೆ. ಇದರಲ್ಲಿ ಏನು ಪಾಠ?

ಹಳೆಪುಸ್ತಕ

ಉಪದೇಶ ಇದೆ, ಅದು ತಾಯಿ ಮನೆಯ ಆಸ್ತಿ. ಮೇರಿ ಸೆವೆಲ್ ಆ ಕಾಲಕ್ಕೆ ಮಗಳಿಗಿಂತ ಎಷ್ಟೋ ದೊಡ್ಡ ಹೆಸರು. ಅರವತ್ತರ ಹತ್ತಿರ ಬಂದ ಮೇಲೆ ಬರವಣಿಗೆ ಹಿಡಿದು, ದುಡಿಯುವ ಜನರಿಗಾಗಿ ಸರಳ ನೀತಿ ಕವನಗಳನ್ನು ಬರೆದರು. 1860ರಲ್ಲಿ ಬಂದ ಅವರ ಒಂದು ಕವನ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಅದರ ಕರಡು ತಿದ್ದುತ್ತಿದ್ದದ್ದು ಆನಾ. ಮಗಳು ಸರಿ ಅನ್ನುವವರೆಗೆ ತಾಯಿ ಯಾವುದನ್ನೂ ಅಚ್ಚಿಗೆ ಕೊಡುತ್ತಿರಲಿಲ್ಲ.

ಆದರೆ ಜಿಂಜರ್ ವಿಷಯದಲ್ಲಿ ನಿಮ್ಮ ಓದು ನನಗೆ ಒಪ್ಪಿಗೆ ಇಲ್ಲ. ಅರ್ಲ್ಸ್‌ಹಾಲ್ ಮನೆಯ ಯಜಮಾನಿ ಬೇರಿಂಗ್ ರೇನನ್ನು ದಿನಕ್ಕೊಂದು ತೂತು ಬಿಗಿ ಮಾಡಿಸುತ್ತಾ ಹೋಗುತ್ತಾಳೆ. ಒಂದು ದಿನ ಜಿಂಜರ್ ತಡೆಯಲಾರದೆ ಒದ್ದು, ನೆಗೆದು, ಗಾಡಿಯ ಮೂಕಿ ಮೇಲೆ ಬೀಳುತ್ತದೆ. ಆ ಅಧ್ಯಾಯದ ಹೆಸರಲ್ಲೇ ಸ್ವಾತಂತ್ರ್ಯಕ್ಕೆ ಹೊಡೆದಾಟ ಅನ್ನುವ ಅರ್ಥ ಇದೆ. ಆನಾ ಅಲ್ಲಿ ಜಿಂಜರ್‌ನ ಪರ. ಆಮೇಲೆ ಅದು ಲಂಡನ್ ಬೀದಿಯಲ್ಲಿ ಸವೆದು ಸಿಗುತ್ತದಲ್ಲ, ಅದು ಶಿಕ್ಷೆ ಅಲ್ಲ. ಆ ಊರು ಎದುರು ತಿರುಗಿದವರನ್ನು ಏನು ಮಾಡುತ್ತಿತ್ತು ಅನ್ನುವ ಲೆಕ್ಕ.

ಸುಮ್ನೆಓದು

ಇದಕ್ಕೆ ಕ್ಯಾಪ್ಟನ್ ಅನ್ನುವ ಮುದಿ ಕುದುರೆಯನ್ನೂ ಸೇರಿಸಿ. ಕ್ರಿಮಿಯಾ ಯುದ್ಧಕ್ಕೆ ಹಡಗಿನಲ್ಲಿ ಹೋಗಿ ಬಂದದ್ದು. ಯಾಕೆ ಯುದ್ಧ ಆಯಿತು ಅಂತ ಬ್ಯೂಟಿ ಕೇಳುತ್ತದೆ. ಅದೆಲ್ಲ ಕುದುರೆಗೆ ಗೊತ್ತಾಗಲ್ಲ, ಆದರೆ ಅಷ್ಟು ದೂರ ಸಮುದ್ರ ದಾಟಿ ಹೋಗಿ ಕೊಲ್ಲುವುದು ಸರಿ ಅಂತಾದರೆ ಆ ಶತ್ರುಗಳು ಭಯಂಕರ ಕೆಟ್ಟವರೇ ಇರಬೇಕು ಅನ್ನುತ್ತದೆ. ಉಪದೇಶ ಮಾಡುವವರ ಮಾತಾ ಇದು? ಚಾಟಿ ಏಟು!

ಹಳೆಪುಸ್ತಕ

ಅದು ಕ್ವೇಕರ್ ರಕ್ತ. ಹದಿನೆಂಟರ ಸುಮಾರಿಗೆ ಆನಾ ಪಂಥ ಬಿಟ್ಟು ಇಂಗ್ಲೆಂಡಿನ ಮುಖ್ಯ ಚರ್ಚಿಗೆ ಹೋದರು. ಆದರೆ ಯುದ್ಧ ಮತ್ತು ಹಿಂಸೆಯ ವಿಷಯದಲ್ಲಿ ಹಳೆಯ ಮನೆ ಬಿಡಲಿಲ್ಲ. ಚಿಕ್ಕಂದಿನಲ್ಲಿ ಯಾರೋ ಒಬ್ಬ ಹಕ್ಕಿ ಹೊಡೆದು, ಅದು ಇವರ ತೋಟದಲ್ಲಿ ಬಿತ್ತಂತೆ. ಕೇಳಲು ಬಂದವನಿಗೆ, ನೀನು ಕ್ರೂರಿ, ಕೊಡಲ್ಲ ಹೋಗು ಅಂದ ಹುಡುಗಿ ಅವರು.

ಕೆರೆದಂಡೆ

ನಾನು ಇಂಗ್ಲೆಂಡಿನ ನಾರ್ಫಕ್‌ನಲ್ಲಿ, ಅಂದರೆ ಆನಾ ಹುಟ್ಟಿದ ಸೀಮೆಯಲ್ಲೇ ಇರುವುದು, ಹಾಗಾಗಿ ಸ್ಥಳೀಯ ವಿಷಯ ನನ್ನಿಂದ. ಗ್ರೇಟ್ ಯಾರ್ಮತ್‌ನಲ್ಲಿ ಅವರು ಹುಟ್ಟಿದ ಪುಟ್ಟ ಮನೆ ದೊಡ್ಡ ಚರ್ಚಿನ ಪಕ್ಕದಲ್ಲೇ ಇದೆ. ಬಹಳ ಚಿಕ್ಕದು, ಹುಡುಕದಿದ್ದರೆ ಕಾಣಲ್ಲ. ಪುಸ್ತಕ ಬರೆದದ್ದು ಅಲ್ಲಲ್ಲ, ನಾರ್ವಿಚ್ ಅಂಚಿನ ಓಲ್ಡ್ ಕ್ಯಾಟನ್ ಹಳ್ಳಿಯಲ್ಲಿ. ತಮ್ಮ ಫಿಲಿಪ್‌ನ ಹೆಂಡತಿ ತೀರಿಕೊಂಡು ಮಕ್ಕಳು ಚಿಕ್ಕವಿದ್ದವು. ಹತ್ತಿರ ಇರೋಣ ಅಂತ 1867ರ ಸುಮಾರಿಗೆ ತಂದೆ ತಾಯಿ ಜೊತೆ ಇಲ್ಲಿಗೆ ಬಂದರು.

1871ರ ನವೆಂಬರ್‌ನಲ್ಲಿ ದಿನಚರಿಯಲ್ಲಿ ಒಂದು ಸಾಲು ಇದೆ. ಕುದುರೆಯ ಜೀವನ ಬರೆಯುತ್ತಿದ್ದೇನೆ, ಕ್ರಿಸ್‌ಮಸ್‌ಗೆ ಗೊಂಬೆ ಮತ್ತು ಡಬ್ಬಿ ಮಾಡುತ್ತಿದ್ದೇನೆ ಅಂತ. ಎರಡೂ ಒಂದೇ ಸಾಲಿನಲ್ಲಿ. ದೊಡ್ಡ ಕೃತಿ ಬರೆಯುತ್ತಿದ್ದೇನೆ ಅನ್ನುವ ಗತ್ತು ಎಲ್ಲೂ ಇಲ್ಲ. ಆಮೇಲೆ ಕಾಯಿಲೆ ಜಾಸ್ತಿಯಾಗಿ ವರ್ಷಗಟ್ಟಲೆ ನಿಂತೂ ನಿಂತು ಸಾಗಿತು. ಕೂರಲು ಆಗದ ದಿನ ಬಾಯಲ್ಲಿ ಹೇಳುವುದು, ತಾಯಿ ಬರೆದುಕೊಳ್ಳುವುದು. ಕೈ ಆಡಿದ ದಿನ ಚೂರು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು, ತಾಯಿ ಅದನ್ನು ಚೆನ್ನಾಗಿ ಪ್ರತಿ ಮಾಡುವುದು. ತಾಯಿಗೆ ಆಗ ಎಪ್ಪತ್ತೈದು ದಾಟಿತ್ತು. 1877ರ ಆಗಸ್ಟ್‌ನಲ್ಲಿ ಮೊದಲ ಕರಡಚ್ಚು ಬಂತು. ಅಕ್ಷರ ತುಂಬಾ ಚೆನ್ನಾಗಿದೆ ಅಂತ ಬರೆದುಕೊಂಡಿದ್ದಾರೆ.

ನಾರ್ವಿಚ್‌ನಲ್ಲಿ ಅವರ ನೆನಪಿಗೆ ಕುದುರೆಗಳಿಗೆ ನೀರು ಕುಡಿಯುವ ತೊಟ್ಟಿ ಇದೆ, ಸೋದರ ಸೊಸೆ ಏಡಾ ಸೆವೆಲ್ 1917ರಲ್ಲಿ ಮಾಡಿಸಿದ್ದು. ಈಗ ಅದರಲ್ಲಿ ಹೂ ನೆಡುತ್ತಾರೆ. ಅಮೆರಿಕದ ಕನೆಕ್ಟಿಕಟ್‌ನ ಅನ್ಸೋನಿಯಾದಲ್ಲಿ ಇಂಥದ್ದೇ ಇನ್ನೊಂದು ಇದೆ, ಅದು ಇದಕ್ಕಿಂತ ಹಳೆಯದು, 1892ರದ್ದು.

ಲೆಕ್ಕಪತ್ರ

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ನಾರ್ವಿಚ್‌ನ ಜ್ಯಾರಲ್ಡ್ ಪ್ರಕಾಶನ ಈ ಪುಸ್ತಕಕ್ಕೆ ಕೊಟ್ಟಿದ್ದು ಒಂದೇ ಸಲಕ್ಕೆ 40 ಪೌಂಡ್. ರಾಯಲ್ಟಿ ಇಲ್ಲ. ಪುಸ್ತಕ ಹೊರಬಂದದ್ದು 1877ರ ನವೆಂಬರ್ 24ಕ್ಕೆ. ಇವತ್ತಿನವರೆಗೆ ಐದು ಕೋಟಿ ಪ್ರತಿ ಹೋಗಿರಬಹುದು ಅನ್ನುವ ಅಂದಾಜು ಇದೆ. ಪಾಪ ಅನಿಸಲ್ವಾ?

ಹಳೆಪುಸ್ತಕ

ಪ್ರಕಾಶಕರನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಹೆಸರೇ ಇಲ್ಲದ, ಹಾಸಿಗೆ ಹಿಡಿದ, 57 ವರ್ಷದ ಹೆಂಗಸಿನ ಮೊದಲ ಪುಸ್ತಕ ಅದು. ತಾಯಿಯ ಪುಸ್ತಕಗಳನ್ನು ಹಾಕುತ್ತಿದ್ದ ಪರಿಚಯದಿಂದ ಒಪ್ಪಿಕೊಂಡರು. ಆ ಕಾಲದಲ್ಲಿ ಹಾಗೆ ಒಂದೇ ಕಂತಿಗೆ ಕೊಳ್ಳುವುದು ಮಾಮೂಲು.

ದೊಡ್ಡ ಕಳ್ಳತನ ಆದದ್ದು ಅಟ್ಲಾಂಟಿಕ್ ಆಚೆ. ಅದೂ ಪುಣ್ಯದ ಹೆಸರಲ್ಲಿ! ಜಾರ್ಜ್ ಏಂಜಲ್ ಅಂತ ಬಾಸ್ಟನ್ ವಕೀಲರು, ಮ್ಯಾಸಚೂಸೆಟ್ಸ್ ಪ್ರಾಣಿ ದಯಾ ಸಂಘವನ್ನು 1868ರಲ್ಲಿ ಕಟ್ಟಿದವರು. ಗುಲಾಮಗಿರಿಯ ವಿರುದ್ಧ 'ಅಂಕಲ್ ಟಾಮ್ಸ್ ಕ್ಯಾಬಿನ್' ಮಾಡಿದ ಕೆಲಸವನ್ನು ಕುದುರೆಗಳಿಗೆ ಮಾಡುವ ಪುಸ್ತಕಕ್ಕಾಗಿ ಅವರು ವರ್ಷಗಟ್ಟಲೆ ಕಾಯುತ್ತಿದ್ದರು. ಇದು ಕೈಗೆ ಸಿಕ್ಕಿತು. 1890ರಲ್ಲಿ, ಯಾರನ್ನೂ ಕೇಳದೆ, ಕಾಸೂ ಕೊಡದೆ ಅಚ್ಚು ಹಾಕಿಸಿದರು. ಹೊರದೇಶದ ಲೇಖಕರಿಗೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಸಿಕ್ಕಿದ್ದೇ 1891ರ ಕಾನೂನಿನಿಂದ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಅದು ಕಳ್ಳತನವೂ ಅಲ್ಲ. ಗಾಡಿಯವರಿಗೆ, ಲಾಯದವರಿಗೆ ಪುಕ್ಕಟೆ ಹಂಚಿಸಿದರು. ಎರಡು ವರ್ಷದಲ್ಲಿ ಹತ್ತು ಲಕ್ಷ ಪ್ರತಿ ದಾಟಿತು.

ಇಲ್ಲೇ ನನ್ನ ವಾದಕ್ಕೆ ಬಲ ಬರುವುದು. ಅಮೆರಿಕದಲ್ಲಿ ಅದನ್ನು ಮೊದಲು ಯಾರ ಕೈಗೆ ಕೊಟ್ಟರು ನೋಡಿ. ಮಕ್ಕಳ ಕೈಗೆ ಮಾತ್ರ ಅಲ್ಲ, ಚಾಟಿ ಹಿಡಿದವರ ಕೈಗೆ.

ಲೆಕ್ಕಪತ್ರ

ಆಗ ಆನಾ ಬದುಕಿದ್ದರಾ?

ಕೆರೆದಂಡೆ

ಇಲ್ಲ. ಪುಸ್ತಕ ಬಂದು ಐದು ತಿಂಗಳಿಗೆ, 1878ರ ಏಪ್ರಿಲ್ 25ಕ್ಕೆ ತೀರಿಕೊಂಡರು. ಪುಸ್ತಕ ಓಡುತ್ತಿದೆ ಅನ್ನುವಷ್ಟು ಮಾತ್ರ ಕಿವಿಗೆ ಬಿದ್ದಿತ್ತು. ಲಾಮಸ್ ಹಳ್ಳಿಯ ಕ್ವೇಕರ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆಮೇಲೆ ತಂದೆ ಹೋದರು, 1884ರಲ್ಲಿ ತಾಯಿ.

ಶವದ ಗಾಡಿ ಮನೆ ಮುಂದೆ ಬಂದಾಗ ಅದರ ಕುದುರೆಗಳಿಗೆ ಬೇರಿಂಗ್ ರೇನ್ ಬಿಗಿದಿತ್ತಂತೆ. ಮೇರಿ ಹೊರಗೆ ಬಂದು, ಎಲ್ಲ ಬಿಚ್ಚಿಸಿದ ಮೇಲೇ ಗಾಡಿ ಹೊರಡಲು ಬಿಟ್ಟರಂತೆ. ಜೀವನಚರಿತ್ರೆ ಬರೆದವರೆಲ್ಲ ಹೇಳುವ ಕಥೆ ಇದು, ಆ ತಾಯಿಯ ಬಗ್ಗೆ ಓದಿದ ಮೇಲೆ ನಂಬಲು ನನಗೆ ಕಷ್ಟ ಆಗಲಿಲ್ಲ. 1984ರಲ್ಲಿ ಆ ಸ್ಮಶಾನದ ಜಾಗ ನೆಲಸಮ ಆಯಿತು. ಸಮಾಧಿ ಕಲ್ಲುಗಳನ್ನು ಪಕ್ಕದ ಗೋಡೆಗೆ ಸೇರಿಸಿದ್ದಾರೆ. ಈ ಊರಿನವರಿಗೆ ಆ ಬಗ್ಗೆ ಇನ್ನೂ ಮುಜುಗರ ಇದೆ.

ಅರಳಿಮರ

ತಾಯಿಯ ಬಗ್ಗೆ ಒಂದು ಪ್ರಶ್ನೆ. ಮಗಳು ಹೇಳಿದ್ದು, ತಾಯಿ ಬರೆದದ್ದು, ತಾಯಿ ಪ್ರತಿ ಮಾಡಿದ್ದು. ತಾಯಿಯೂ ಲೇಖಕಿ. ಹಾಗಾದರೆ ಪುಸ್ತಕ ಎಷ್ಟು ಪಾಲು ಯಾರದ್ದು?

ಹಳೆಪುಸ್ತಕ

ಒಳ್ಳೆ ಪ್ರಶ್ನೆ. ನನ್ನ ಉತ್ತರ ಬರೀ ಓದಿನ ಮೇಲೆ. ಮೇರಿಯ ಕವನಗಳಲ್ಲಿ ಸಾವು, ಕಣ್ಣೀರು, ದೇವರು ದಂಡಿಯಾಗಿ ಬರುತ್ತಾರೆ. 'ಬ್ಲ್ಯಾಕ್ ಬ್ಯೂಟಿ'ಯ ವಾಕ್ಯ ಒಣಗಿದ್ದು, ಚಿಕ್ಕದು. ಜಿಂಜರ್‌ನ ಸಾವನ್ನೇ ನೋಡಿ. ಒಂದು ಗಾಡಿಯಲ್ಲಿ ಸತ್ತ ಕುದುರೆ ಹೋಗುತ್ತದೆ, ಬಣ್ಣ ಜಿಂಜರ್‌ನದ್ದು, ಕುತ್ತಿಗೆ ಸೊರಗಿದೆ. ಅದು ಜಿಂಜರ್ ಆಗಿರಲಿ, ಯಾಕೆಂದರೆ ಕಷ್ಟ ಮುಗಿದಂತಾಯಿತು ಅನ್ನುತ್ತದೆ ಬ್ಯೂಟಿ. ಕೆಲವೇ ಸಾಲು. ತಾಯಿ ಬರೆದಿದ್ದರೆ ಎರಡು ಪುಟ ಆಗುತ್ತಿತ್ತು. ಕರಡು ತಿದ್ದುವ ಮಗಳ ಕೈ ಅದು.

ಇನ್ನೊಂದು. ಎಲ್ಲ ನೋವೂ ಮೈಯ ಮಟ್ಟದಲ್ಲೇ ಇದೆ. ಬಾಯಿಯ ಮೂಲೆ, ಮೊಣಕಾಲು, ಗೊರಸು, ಉಸಿರು. ಮೊಣಕಾಲು ಒಡೆದ ಮೇಲೆ ಬ್ಯೂಟಿಯ ಬೆಲೆ ಬಿದ್ದುಹೋಗುತ್ತದೆ, ಕೈಯಿಂದ ಕೈಗೆ ಮಾರಾಟ ಆಗುತ್ತದೆ. ಹದಿನಾಲ್ಕಕ್ಕೆ ಬಿದ್ದು ಕಾಲು ಕಳೆದುಕೊಂಡವರಲ್ಲದೆ ಬೇರೆ ಯಾರು ಇದನ್ನು ಇಷ್ಟು ಒಳಗಿಂದ ಬರೆಯಲು ಸಾಧ್ಯ?

ತರ್ಲೆಪ್ರಶ್ನೆ

ಬದುಕಿನಿಂದ ಪುಸ್ತಕಕ್ಕೆ ಹೀಗೆ ನೇರ ದಾರಿ ಎಳೆಯುವುದು ನನಗೆ ಯಾವಾಗಲೂ ಅನುಮಾನ. ಆದರೆ ಈ ಸಲ ಸುಮ್ನಿರ್ತೀನಿ.

ಬಾಡಿಗೆಮೀಟರ್

ಜೆರ್ರಿಯ ಹೊಸ ವರ್ಷದ ರಾತ್ರಿಯನ್ನೂ ಯಾರಾದರೂ ಓದಿ. ಹನ್ನೊಂದಕ್ಕೆ ಬಾ, ತಡ ಮಾಡಬೇಡ ಅಂದ ಗಿರಾಕಿಗಳು ಇಸ್ಪೀಟು ಮುಗಿಸಿ ಹೊರಗೆ ಬಂದದ್ದು ಒಂದೂಕಾಲಕ್ಕೆ. ಹಿಮ ಬೆರೆತ ಮಳೆಯಲ್ಲಿ ಗಾಡಿಯವನೂ ಕುದುರೆಯೂ ಕಾದರು. ಒಂದು ಸಾರಿ ಕೂಡ ಹೇಳಲಿಲ್ಲ. ಕಾದದ್ದಕ್ಕೆ ದುಡ್ಡು ಕೇಳಿದರೆ ಸಿಟ್ಟು ಬೇರೆ. ಆ ಚಳಿಗೇ ಜೆರ್ರಿ ಹಾಸಿಗೆ ಹಿಡಿದು ಗಾಡಿ ಬಿಡಬೇಕಾಯಿತು. ವೇಟಿಂಗ್ ಚಾರ್ಜ್ ಜಗಳ ಇವತ್ತಿನದಲ್ಲ ಸ್ವಾಮಿ.

ಮಲ್ಲಿಗೆಮೊಗ್ಗು

ಎಲ್ಲ ಓದಿದೆ. ನನಗೊಂದು ಸಹಾಯ ಬೇಕು. ಮಗಳಿಗೆ ಹನ್ನೊಂದು ವರ್ಷ. ಪೂರ್ತಿ ಪುಸ್ತಕ ಕೊಡಲಾ, ಚಿಕ್ಕದಾ? ಇಂಗ್ಲಿಷ್ ಕಷ್ಟ ಆಗುತ್ತಾ?

ಹಳೆಪುಸ್ತಕ

ಪೂರ್ತಿಯದ್ದೇ ಕೊಡಿ ಮೇಡಂ. 49 ಅಧ್ಯಾಯ ಅಂದರೆ ಹೆದರಬೇಡಿ, ಒಂದೊಂದೂ ಮೂರು ನಾಲ್ಕು ಪುಟ. ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲವಾಯಿತು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹೆಚ್ಚು ಓದು ಬರಹ ಇಲ್ಲದ ಲಾಯದ ಹುಡುಗರಿಗೂ ತಿಳಿಯಲಿ ಅಂತ ಬರೆದ ಇಂಗ್ಲಿಷ್ ಅದು, ಹಾಗಾಗಿ ಸಲೀಸು. ಸಜ್ಜು, ಗಾಡಿಗಳ ಹೆಸರು ಮಾತ್ರ ತೊಡಕು. ಚಿತ್ರ ತೋರಿಸಿ.

ಲಾಯದಪಕ್ಕ

ಎರಡನೇ ಅಧ್ಯಾಯದಲ್ಲೇ ಬೇಟೆ ಬರುತ್ತದೆ, ಒಂದು ಕುದುರೆ ಮತ್ತು ಒಬ್ಬ ಹುಡುಗ ಸಾಯುತ್ತಾರೆ. ಅದನ್ನು ನೀವು ಜೊತೆಗೆ ಕೂತು ಓದಿ. ಜಿಂಜರ್ ಸಾಯುವ 40ನೇದನ್ನು ಮಲಗುವ ಹೊತ್ತಿಗೆ ಬೇಡ, ರಜಾ ದಿನ ಮಧ್ಯಾಹ್ನ ಇಟ್ಟುಕೊಳ್ಳಿ. ಮುಗಿದ ಮೇಲೆ ಮೈಸೂರಿಗೆ ಹೋದಾಗ ಟಾಂಗಾ ಕುದುರೆಯ ಬಾಯಿ, ಗೊರಸು, ಬೆನ್ನು ಹೇಗೆ ನೋಡಬೇಕು ಅಂತ ಕೇಳಿದರೆ ನಾನು ಬರೆದು ಕೊಡುತ್ತೇನೆ.

ಮಲ್ಲಿಗೆಮೊಗ್ಗು

ಬರೆದು ಕೊಡಿ ಮೇಡಂ, ದಸರಾ ರಜೆಗೆ ಹೋಗುವುದಿದೆ. 39ನೇದನ್ನೂ ಬಿಡದೆ ಓದಿಸುತ್ತೇನೆ, ಅವಳ ಶಾಲೆಗೆ ಕರೆದುಕೊಂಡು ಹೋಗುವ ಆಟೋದವರಿಗೂ ಅದೇ ದಿನಬಾಡಿಗೆ.